ಇಬ್ಬರ ಹಗುರ ಟೆಂಟು: ಕರಾವಳಿಯವರು ತೂಕಕ್ಕಿಂತ ಮೊದಲು ನೋಡಬೇಕಾದದ್ದು

ಟೆಂಟು ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ತೂಕ. 1.1 ಕೆಜಿಯದ್ದು ಇದೆ, 1.7ರದ್ದು ಇದೆ, 2.8ರದ್ದೂ ಇದೆ, ಇಳಿದ ಒಂದೊಂದು ನೂರು ಗ್ರಾಮಿಗೂ ಬೆಲೆ ಏರುತ್ತಾ ಹೋಗುತ್ತದೆ. ಟೆಂಟು ಹೊತ್ತು ಓಡುವ ಬೆಟ್ಟದ ಓಟಕ್ಕೂ ಆಗಬೇಕು, ರಜೆಯಲ್ಲಿ ಮರವಂತೆ ಕಡೆಗೋ ಕೊಡಚಾದ್ರಿ ಬುಡದ ಹೋಂಸ್ಟೇ ಅಂಗಳಕ್ಕೋ ಒಯ್ಯುವುದಕ್ಕೂ ಆಗಬೇಕು ಎನ್ನುವವರು ಈ ಒಂದು ಅಂಕಿಯ ಸುತ್ತಲೇ ತಿರುಗುತ್ತಾರೆ. ಮಂಗಳೂರು, ಉಡುಪಿಯಲ್ಲಿ ಮನೆ ಇರುವವರು ನೋಡಬೇಕಾದ ಕ್ರಮ ಬೇರೆ. ಮೊದಲು ಬಟ್ಟೆಯ ಲೇಪ, ಆಮೇಲೆ ನಿಲ್ಲಿಸುವ ರೀತಿ, ಆಮೇಲೆ ತಳದ ಅಳತೆ. ತೂಕ ನಾಲ್ಕನೆಯದು. ಕಾರಣ ಸರಳ: ನಮ್ಮಲ್ಲಿ ಟೆಂಟುಗಳು ಬೆಟ್ಟದ ಗಾಳಿಗೆ ಹರಿದು ಹಾಳಾಗುವುದು ಕಡಿಮೆ, ಮನೆಯ ಕಪಾಟಿನೊಳಗೆ ಕೂತು ಹಾಳಾಗುವುದೇ ಹೆಚ್ಚು.

ಸಾಮಾನ್ಯ ಟೆಂಟಿನ ಬಟ್ಟೆಗೆ ಒಳಗಡೆಯಿಂದ ಪಾಲಿಯುರಿಥೇನ್, ಅಂದರೆ ಪಿಯು, ಲೇಪ ಕೊಟ್ಟಿರುತ್ತಾರೆ. ನೀರು ತಡೆಯುವುದು ಅದು. ಬಿಸಿ ಮತ್ತು ತೇವ ಸೇರಿದರೆ ಈ ಲೇಪದ ಅಣುಸರಪಳಿಯನ್ನು ನೀರೇ ಕತ್ತರಿಸುತ್ತಾ ಹೋಗುತ್ತದೆ. ಮೊದಲಿಗೆ ಬಟ್ಟೆ ಮುಟ್ಟಿದರೆ ಅಂಟು ಅಂಟು ಎನಿಸುತ್ತದೆ, ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ವಾಂತಿಯಂಥ ಹುಳಿ ವಾಸನೆ ಬರುತ್ತದೆ. ಆಮೇಲೆ ಲೇಪ ಸಿಪ್ಪೆಯಾಗಿ ಉದುರುತ್ತದೆ, ಹೊಲಿಗೆಯ ಮೇಲಿನ ಟೇಪು ಏಳುತ್ತದೆ. ಒಣ ಊರಿನಲ್ಲಿ ಹತ್ತು ವರ್ಷ ಬಾಳುವ ಟೆಂಟು ಇಲ್ಲಿ ಅರ್ಧ ಕಾಲವೂ ಬಾಳದಿರುವುದಕ್ಕೆ ಇದೇ ಕಾರಣ. ಜೂನ್‌ನಲ್ಲಿ ಒಮ್ಮೆ ಒದ್ದೆಯಾಗಿ ಚೀಲಕ್ಕೆ ತುರುಕಿದ್ದು ದೀಪಾವಳಿಗೆ ತೆರೆದರೆ ಹೇಗಿರುತ್ತದೆ ಎಂದು ಹೇಳಿ ಸುಖ ಇಲ್ಲ.

ಪಿಯುವಿನಲ್ಲೂ ಎರಡು ಬಗೆ. ಪಾಲಿಯೆಸ್ಟರ್ ಮೂಲದ್ದು ಬೇಗ ಕೊಳೆಯುತ್ತದೆ, ಪಾಲಿಈಥರ್ ಮೂಲದ್ದು ತೇವಕ್ಕೆ ಹೆಚ್ಚು ತಾಳುತ್ತದೆ. ಕೆಲವು ಕಂಪನಿಗಳು ಪಾಲಿಈಥರ್ ಎಂದು ವಿವರದಲ್ಲಿ ಬರೆಯುತ್ತವೆ. ಬರೆದಿದ್ದರೆ ಅದು ನಮ್ಮ ಊರಿಗೆ 200 ಗ್ರಾಂ ಉಳಿಕೆಗಿಂತ ದೊಡ್ಡ ಲಾಭ. ಇನ್ನೂ ಒಳ್ಳೆಯದು ಎರಡೂ ಬದಿಗೆ ಸಿಲಿಕೋನ್ ಇರುವ ಬಟ್ಟೆ. ಸಿಲಿಕೋನ್ ಹೀಗೆ ಕೊಳೆಯುವುದಿಲ್ಲ, ಬಟ್ಟೆ ಹರಿಯದಂತೆಯೂ ಬಲ ಕೊಡುತ್ತದೆ. ಸ್ವೀಡನ್ನಿನ ಹಿಲ್ಲೆಬರ್ಗ್‌ನಂಥವರು ಹೊರಹೊದಿಕೆಗೆ ಸಿಲಿಕೋನನ್ನೇ ನಂಬಿದ್ದಾರೆ. ಪೇಟೆಯಲ್ಲಿ ಹೆಚ್ಚು ಸಿಗುವ ಹಗುರ ಟೆಂಟುಗಳು ಮಾತ್ರ ನಡುದಾರಿಯವು: ಹೊರಗೆ ಸಿಲಿಕೋನ್, ಒಳಗೆ ಪಿಯು. ಒಳಗೆ ಪಿಯು ಇದ್ದರೆ ಮಾತ್ರ ಕಾರ್ಖಾನೆಯಲ್ಲಿ ಹೊಲಿಗೆಗೆ ಸಾಮಾನ್ಯ ಟೇಪು ಅಂಟಿಸಲು ಆಗುತ್ತದೆ. ಹಾಗಾಗಿ ಹೊರಹೊದಿಕೆಯನ್ನು ತಿರುಗಿಸಿ ಹೊಲಿಗೆ ನೋಡಿ. ಹೊಳೆಯುವ ಟೇಪು ಕಂಡರೆ ಒಳಗೆ ಪಿಯು ಇದೆ ಎಂದೇ ಲೆಕ್ಕ. ಟೇಪು ಇಲ್ಲದೆ ಬರೀ ಹೊಲಿಗೆ ಕಂಡು, ನಾಲ್ಕು ಹನಿ ನೀರು ಎರಡೂ ಬದಿಯಲ್ಲಿ ಮುತ್ತಿನ ಹಾಗೆ ನಿಂತರೆ ಅದು ಎರಡೂ ಕಡೆ ಸಿಲಿಕೋನ್.

ಎರಡೂ ಕಡೆ ಸಿಲಿಕೋನ್ ಇರುವುದನ್ನು ಕೊಂಡರೆ ಹೊಲಿಗೆಯನ್ನು ನೀವೇ ಮುಚ್ಚಬೇಕಾದೀತು. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಸಿಲಿಕೋನ್ ಸೀಲೆಂಟ್ ಸುಮಾರು 30 ಗ್ರಾಂ ಸಾಕು. ಮೇಲೆ ಪೇಂಟ್ ಹಚ್ಚಬಹುದು ಎಂದು ಬರೆದಿರುವ ಅಕ್ರಿಲಿಕ್ ಸೀಲೆಂಟ್ ಬೇಡ, ಅದು ಈ ಬಟ್ಟೆಗೆ ಹಿಡಿಯುವುದಿಲ್ಲ. ಹಳೆಯ ಗಾಜಿನ ಬಾಟಲಿಯಲ್ಲಿ ಮಿನರಲ್ ಟರ್ಪೆಂಟೈನ್ ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕಿ, ಬ್ರಷ್‌ನಿಂದ ಸರಾಗ ಹರಡುವಷ್ಟು ತೆಳುವಾಗಬೇಕು. ಟೆಂಟನ್ನು ಬಿಗಿಯಾಗಿ ನಿಲ್ಲಿಸಿ, ಹೊರಬದಿಯಿಂದ ಹೊಲಿಗೆಯ ಎರಡೂ ಪಕ್ಕ ಅರ್ಧ ಸೆಂಟಿಮೀಟರ್ ಬರುವಂತೆ ಹಚ್ಚಿ, ಹೆಚ್ಚಾದದ್ದನ್ನು ಕೂಡಲೇ ಬಟ್ಟೆಯಿಂದ ಒರೆಸಿ. ಬಿಗಿ ಹಗ್ಗ ಹೊಲಿದಿರುವ ಮೂಲೆಗಳನ್ನು ಬಿಡಬಾರದು; ಸೋರುವುದು ಹೆಚ್ಚಾಗಿ ಅಲ್ಲೇ. 24 ಗಂಟೆ ಬಿಟ್ಟು, ಅಂಟು ಉಳಿಯದಂತೆ ಮುಖಕ್ಕೆ ಹಾಕುವ ಟಾಲ್ಕಂ ಪೌಡರ್ ಸವರಿದರೆ ಆಯಿತು. ಇದನ್ನು ಆಟಿ ತಿಂಗಳ ಮಳೆಯಲ್ಲಿ ಮಾಡಲು ಹೋಗಬೇಡಿ, ಬಟ್ಟೆ ಪೂರ್ತಿ ಒಣಗಿರದೆ ಸಿಲಿಕೋನ್ ಕೂರುವುದಿಲ್ಲ.

ಬಟ್ಟೆಯ ನೂಲಿನ ವಿಷಯ. 20ಡಿ ಎಂದರೆ 20 ಡೆನಿಯರ್, ಆ ನೂಲು 9,000 ಮೀಟರ್ ಉದ್ದಕ್ಕೆ 20 ಗ್ರಾಂ ತೂಗುತ್ತದೆ. 210ಟಿ ಎಂದು ಬರೆದಿದ್ದರೆ ಅದು ಬೇರೆಯೇ ಲೆಕ್ಕ, ಚದರ ಇಂಚಿಗೆ ಹಾಸು ಹೊಕ್ಕು ಸೇರಿ ಎಷ್ಟು ಎಳೆ ಎನ್ನುವುದು. ಎರಡನ್ನೂ ಹೋಲಿಸಿ ದೊಡ್ಡ ಅಂಕಿಯೇ ಗಟ್ಟಿ ಎಂದುಕೊಳ್ಳುವವರಿದ್ದಾರೆ. ನೇಚರ್‌ಹೈಕ್ ಕಂಪನಿಯ ಕ್ಲೌಡ್ ಅಪ್ 2 ಎಂಬ ಟೆಂಟು ಈ ಎರಡೂ ಬಟ್ಟೆಯಲ್ಲಿ ಮಾರಾಟವಾಗಿದೆ. ಹೆಸರು ಒಂದೇ, ತೂಕ ಬೇರೆ; 210ಟಿ ಪಾಲಿಯೆಸ್ಟರಿನದ್ದು ಅಗ್ಗ ಮತ್ತು ಭಾರ. ಆರ್ಡರ್ ಮಾಡುವಾಗ ಫೋಟೋ ನೋಡಿದರೆ ಗೊತ್ತಾಗುವುದಿಲ್ಲ, ವಿವರವನ್ನೇ ಓದಬೇಕು.

ನೈಲಾನ್ ಗಟ್ಟಿ, ಆದರೆ ನೀರು ಕುಡಿದು ಹಿಗ್ಗುತ್ತದೆ. ಸಂಜೆ ತಂಬೂರಿಯ ತಂತಿಯಂತೆ ಬಿಗಿದ ಹೊದಿಕೆ ನಡುರಾತ್ರಿ ಜೋಲು ಬಿದ್ದು ಒಳಟೆಂಟಿಗೆ, ಅಂದರೆ ಹೊದಿಕೆಯೊಳಗೆ ನಾವು ಮಲಗುವ ಗೂಡಿಗೆ, ತಾಗುತ್ತದೆ, ಅಲ್ಲಿಂದ ಒಳಗೆ ಹನಿ. ಮಳೆಯಲ್ಲಿ ಮಲಗುವ ಮುಂಚೆ ಒಮ್ಮೆ ಎದ್ದು ಹಗ್ಗ ಬಿಗಿಯುವುದು ನೈಲಾನ್ ಟೆಂಟಿನವರಿಗೆ ತಪ್ಪಿದ್ದಲ್ಲ. ಸಿಲಿಕೋನ್ ಲೇಪದ ಪಾಲಿಯೆಸ್ಟರ್ ಹಿಗ್ಗುವುದು ತೀರಾ ಕಡಿಮೆ, ಬಿಸಿಲಿಗೂ ನೈಲಾನಿಗಿಂತ ಹೆಚ್ಚು ತಾಳುತ್ತದೆ. ಅದೇ ತೂಕಕ್ಕೆ ಹರಿಯದಂತೆ ತಡೆಯುವ ಬಲ ಸ್ವಲ್ಪ ಕಡಿಮೆ. ನನ್ನ ಆಯ್ಕೆ ನಮ್ಮ ಕಡೆಗೆ ಪಾಲಿಯೆಸ್ಟರ್. ಡೈನೀಮಾ ಎಂಬ ಮೂರನೆಯದ್ದು ನೀರು ಕುಡಿಯುವುದೂ ಇಲ್ಲ, ಹಿಗ್ಗುವುದೂ ಇಲ್ಲ, ಎಲ್ಲಕ್ಕಿಂತ ಹಗುರ. ಆದರೆ ಚುಚ್ಚಿದರೆ ತೂತು, ಉಜ್ಜಿದರೆ ಸವೆತ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದರ ಮೇಲೆ ಆಮದು ಸುಂಕ ಬೇರೆ.

ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. 1,500 ಮಿ.ಮೀ. ಎಂದರೆ ಬಟ್ಟೆಯ ಮೇಲೆ ಒಂದೂವರೆ ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಸೋರುವುದಿಲ್ಲ ಎಂದರ್ಥ. ಹೊರಹೊದಿಕೆಗೆ ಇಷ್ಟು ಸಾಕು. ತಳಕ್ಕೆ ಸಾಲದು. 70 ಕೆಜಿಯ ಒಬ್ಬರು ಮೊಣಕಾಲೂರಿದಾಗ ಎರಡೂ ಮಂಡಿಗಳ ಕೆಳಗೆ ಒಟ್ಟು 100 ಚದರ ಸೆಂ.ಮೀ. ಜಾಗವಿದೆ ಎಂದಿಟ್ಟುಕೊಳ್ಳಿ, ಚದರ ಸೆಂಟಿಮೀಟರಿಗೆ 0.7 ಕೆಜಿ ಒತ್ತಡ, ಅಂದರೆ 7 ಮೀಟರ್ ನೀರು, 7,000 ಮಿ.ಮೀ. ಕೈಯೂರಿ ತೆವಳುವಾಗ ಅದರ ಅರ್ಧ. ಒದ್ದೆ ನೆಲದಲ್ಲಿ ಮಂಡಿಯೂರಿದ ಜಾಗ ಮಾತ್ರ ತೇವವಾಗುವುದು ಇದಕ್ಕೇ. ತಳ 3,000ಕ್ಕಿಂತ ಕಡಿಮೆ ಇದ್ದರೆ ಒಳಗೆ ಬರುವಾಗ ಮಂಡಿ ಮ್ಯಾಟಿನ ಮೇಲೇ ಬೀಳಬೇಕು.

ಈಗ ನಿಲ್ಲಿಸುವ ರೀತಿ. ಎಂಎಸ್‌ಆರ್ ಹಬ್ಬಾ ಹಬ್ಬಾ, ಕ್ಲೌಡ್ ಅಪ್ ಇವೆಲ್ಲ ಒಳಟೆಂಟು ಮೊದಲು ಎನ್ನುವ ಜಾತಿ. ಬಲೆಯ ಒಳಟೆಂಟನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿ, ಆಮೇಲೆ ಮೇಲಿನಿಂದ ಹೊದಿಕೆ ಹಾಕಬೇಕು. ಒಣ ಹವೆಯಲ್ಲಿ ಚಂದ. ಸೆಕೆಯ ರಾತ್ರಿ ಹೊದಿಕೆ ತೆಗೆದು ಬರೀ ಬಲೆಯೊಳಗೆ ಮಲಗಬಹುದು. ಆದರೆ ಆಗುಂಬೆಯಂಥ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಕಡೆ, ಹೊದಿಕೆ ಹಾಕುವ ಎರಡು ಮೂರು ನಿಮಿಷದಲ್ಲೇ ತಳದಲ್ಲಿ ಲೋಟದಷ್ಟು ನೀರು ನಿಂತಿರುತ್ತದೆ. ಟೆರಾ ನೋವಾ ಲೇಸರ್ ಕಾಂಪಿಟಿಷನ್, ಹಿಲ್ಲೆಬರ್ಗ್ ಮೊದಲಾದವುಗಳಲ್ಲಿ ಹೊರಗಿನದ್ದೂ ಒಳಗಿನದ್ದೂ ಕೊಂಡಿಗಳಿಂದ ಸೇರಿಕೊಂಡೇ ಇರುತ್ತವೆ, ಎರಡೂ ಒಟ್ಟಿಗೇ ಏಳುತ್ತವೆ, ಒಳಗೆ ಒಣಗೇ ಇರುತ್ತದೆ. ಮಳೆಯ ದೇಶದ ಓಟಗಾರರು ಇದನ್ನೇ ಆರಿಸಿಕೊಳ್ಳುವುದು ಸುಮ್ಮನೆ ಅಲ್ಲ. ಒಂದೇ ಟೆಂಟು ಕೊಳ್ಳುವುದಾದರೆ ಒಟ್ಟಿಗೇ ಏಳುವುದನ್ನೇ ಆರಿಸಿ. ಒಳಟೆಂಟಿನ ಕೊಂಡಿ ಬಿಚ್ಚಿ ಬೇರೆಯಾಗಿಯೂ ನಿಲ್ಲಿಸಲು ಬರುತ್ತದೆಯೇ ಎಂದು ಮಾತ್ರ ಕೇಳಿ ನೋಡಿ, ಏಪ್ರಿಲ್‌ನಲ್ಲಿ ಅದು ಬೇಕಾಗುತ್ತದೆ.

ಇಲ್ಲಿ ಇನ್ನೊಂದು ಮಾತು. ತೂಕ ಉಳಿಸಲು ತಳವೇ ಇಲ್ಲದ, ಟಾರ್ಪಿನಂಥ ಹೊದಿಕೆ ಕೊಳ್ಳುವ ಹುಕಿ ಓಟಗಾರರಿಗೆ ಬರುತ್ತದೆ. ಪಶ್ಚಿಮ ಘಟ್ಟಕ್ಕೆ ಇದು ಬೇಡವೇ ಬೇಡ ಮಾರಾಯ್ರೇ. ಮಳೆಗಾಲದಲ್ಲಿ ಇಂಬಳ, ಬೇಸಗೆಯಲ್ಲಿ ಉಣ್ಣಿ. ಇಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ. ಉಣ್ಣಿಯ ವಿಷಯ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಉಣ್ಣಿಯಿಂದ, ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಕಾಡಿನ ಕಡೆ ಟೆಂಟು ಒಯ್ಯುವ ಕಾಲ. ತಳ ಹೊಲಿದಿರಬೇಕು, ಅದರ ಅಂಚು ಸುತ್ತಲೂ 10–15 ಸೆಂ.ಮೀ. ಮೇಲೆದ್ದಿರಬೇಕು, ಬಲೆಯ ಜಿಪ್ಪು ಪೂರ್ತಿ ಮುಚ್ಚಬೇಕು. ಒಣ ಎಲೆಯ ರಾಶಿಯ ಮೇಲೆ ಮೆತ್ತಗಿರುತ್ತದೆ ಎಂದು ಟೆಂಟು ಹಾಕಬೇಡಿ.

ಬೆಟ್ಟದ ಓಟದ ನಿಯಮಗಳೂ ತಳದ ಬಗ್ಗೆ ಕಟ್ಟುನಿಟ್ಟು. ಟೆಂಟು ಹೊತ್ತು ಓಡುವ ಪದ್ಧತಿಯ ಮೂಲ ಬ್ರಿಟನ್ನು. 1968ರಲ್ಲಿ ಅಲ್ಲಿ ಶುರುವಾದ, ಈಗ ಒರಿಜಿನಲ್ ಮೌಂಟನ್ ಮ್ಯಾರಥಾನ್ ಎಂದು ಕರೆಯುವ ಓಟದಲ್ಲಿ ಇಬ್ಬರ ಜೋಡಿ ಎರಡು ದಿನದ ಊಟ, ಮಲಗುವ ಚೀಲ, ಒಲೆ, ಟೆಂಟು ಎಲ್ಲವನ್ನೂ ಬೆನ್ನಿಗೇರಿಸಿಕೊಂಡು, ನಕ್ಷೆ ನೋಡಿ ದಾರಿ ಹುಡುಕುತ್ತಾ ಓಡಬೇಕು. ಇಂಥ ಓಟಗಳ ಸಾಮಾನು ಪಟ್ಟಿಯಲ್ಲಿ ತಳ ಹೊಲಿದಿರುವ ಟೆಂಟು ಎಂದು ಬರೆದಿರುವುದು ಸಾಮಾನ್ಯ. ದುಡ್ಡು ಹಾಕುವ ಮೊದಲು ಆ ವರ್ಷದ ಪಟ್ಟಿ ಓದಿ. ನಮ್ಮ ದೇಶದ ಟ್ರೇಲ್ ಓಟಗಳಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಲ್ನಾಡ್ ಅಲ್ಟ್ರಾದಂಥದ್ದರಲ್ಲಿ, ಟೆಂಟು ಹೊತ್ತು ಓಡುವುದಿಲ್ಲ. ಅದು ಹಿಂದಿನ ರಾತ್ರಿ ಮಲಗುವುದಕ್ಕೆ. ಹಾಗಾದರೆ ಅಲ್ಲಿಗೆ 1.8 ಕೆಜಿಯಾದರೂ ಏನೂ ನಷ್ಟವಿಲ್ಲ, ಕಾರಿನಲ್ಲಿ ಕೂರುತ್ತದೆ.

ಓಟಕ್ಕೆ ಹೊರುವುದೇ ಆದರೆ ಲೆಕ್ಕ ಸರಿಯಾಗಿ ಹಾಕಬೇಕು. ಕಂಪನಿಗಳು ಎರಡು ತೂಕ ಕೊಡುತ್ತವೆ. ಒಂದು ಕನಿಷ್ಠ ತೂಕ, ಬರೀ ಒಳಟೆಂಟು, ಹೊದಿಕೆ, ಕೋಲುಗಳು. ಇನ್ನೊಂದು ಗೂಟ, ಹಗ್ಗ, ಚೀಲ ಎಲ್ಲ ಸೇರಿದ್ದು. ಹಳೆಯ ಹಬ್ಬಾ ಹಬ್ಬಾ ಎನ್‌ಎಕ್ಸ್ 2ರಲ್ಲಿ ಇವು 1.54 ಮತ್ತು 1.72 ಕೆಜಿ, 180 ಗ್ರಾಂ ಅಂತರ. ಗೂಟ ಇಲ್ಲದೆ ಯಾರೂ ಮಲಗುವುದಿಲ್ಲವಾದ್ದರಿಂದ ಹೋಲಿಸಬೇಕಾದ್ದು ಎರಡನೆಯದನ್ನೇ. ಅಡುಗೆಮನೆಯ ತಕ್ಕಡಿಯಲ್ಲಿ ಬಿಡಿಬಿಡಿಯಾಗಿ ತೂಗಿ ಬರೆದಿಟ್ಟರೆ ಇಬ್ಬರಿಗೆ ಹಂಚುವುದೂ ಸುಲಭ: ಒಬ್ಬರಿಗೆ ಹೊದಿಕೆ ಮತ್ತು ಗೂಟ, ಇನ್ನೊಬ್ಬರಿಗೆ ಒಳಟೆಂಟು ಮತ್ತು ಕೋಲು. ಒಟ್ಟು 1.2 ಕೆಜಿಯಾದರೆ ತಲೆಗೆ 600 ಗ್ರಾಂ, 1.7 ಆದರೆ 850. ಈ 250 ಗ್ರಾಂ ಎರಡು ದಿನದ ಓಟದಲ್ಲಿ ಮುಖ್ಯ. ವರ್ಷಕ್ಕೊಮ್ಮೆ ಓಡಿ ಉಳಿದದ್ದೆಲ್ಲ ಸುಮ್ಮನೆ ತಿರುಗಾಟ ಎನ್ನುವವರಿಗೆ ಅಲ್ಲ, ಅವರು 1.4ರಿಂದ 1.8ರ ನಡುವೆ ಹುಡುಕಲಿ.

ಕೋಲೇ ಇಲ್ಲದ, ಚಾರಣದ ಊರುಗೋಲಿನ ಮೇಲೆ ನಿಲ್ಲುವ ಟೆಂಟುಗಳು ಓಟಗಾರರಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಒಂದು ತೊಡಕಿದೆ. ಓಟದ ಮಡಚುವ ಊರುಗೋಲುಗಳು ಹೆಚ್ಚಾಗಿ ನಿಗದಿತ ಉದ್ದದವು, 110, 120, 130 ಸೆಂ.ಮೀ. ಹೀಗೆ, ಟೆಂಟು ಕೇಳುವ ಎತ್ತರಕ್ಕೆ ಹೊಂದಿಸಲು ಬರುವುದಿಲ್ಲ. 5 ಸೆಂ.ಮೀ. ಗಿಡ್ಡವಾದರೆ ಚಪ್ಪಟೆ ಕಲ್ಲಿಟ್ಟು ಎತ್ತರಿಸಬಹುದು, ಉದ್ದವಾದರೆ ಓರೆ ಮಾಡಿ ನಿಲ್ಲಿಸಬೇಕು, ಗಾಳಿಗೆ ಅದು ಜಾರುತ್ತದೆ.

ಅಳತೆ. ಇಬ್ಬರದು ಎಂದು ಬರೆದ ಮಾತ್ರಕ್ಕೆ ಇಬ್ಬರು ಮಲಗಬಹುದು ಎಂದಲ್ಲ. ಸಾಮಾನ್ಯ ಮ್ಯಾಟಿನ ಅಗಲ 51 ಸೆಂ.ಮೀ., ಎರಡಕ್ಕೆ 102. ಓಟದ ಟೆಂಟಿನ ತಳ ಕಾಲಿನ ಕಡೆ 90ಕ್ಕೆ ಇಳಿಯುವುದುಂಟು. ಮ್ಯಾಟು ಒಂದರ ಮೇಲೊಂದು ಏರುತ್ತದೆ, ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರುವಂತೆ ಮಲಗಬೇಕು. ಒಂದು ರಾತ್ರಿಗೆ ಪರವಾಗಿಲ್ಲ. ಕ್ಯಾಂಪಿಂಗ್‌ಗೆ ಕನಿಷ್ಠ 120 ಬೇಕು. ಕ್ಲೌಡ್ ಅಪ್‌ನ 125, ಹಬ್ಬಾದ 127 ಸರಿಯಾದ ಅಳತೆ. ಅಗಲದ ಮ್ಯಾಟು, 63 ಸೆಂ.ಮೀ.ನದ್ದು, ಎರಡಿದ್ದರೆ ಇವುಗಳಲ್ಲೂ ಎಳೆದಾಟವೇ. ಉದ್ದದ ಲೆಕ್ಕದಲ್ಲಿ ನಿಮ್ಮ ಎತ್ತರಕ್ಕೆ 35 ಸೆಂ.ಮೀ. ಸೇರಿಸಿ, ಏಕೆಂದರೆ ಗೋಡೆ ಓರೆಯಾಗಿರುತ್ತದೆ, 175 ಸೆಂ.ಮೀ. ಇರುವವರಿಗೆ 210. ಇದಕ್ಕಿಂತ ಗಿಡ್ಡವಾದರೆ ಮಲಗುವ ಚೀಲದ ಕಾಲಿನ ತುದಿ ಗೋಡೆಗೆ ತಾಗಿ ಬೆಳಿಗ್ಗೆ ಒದ್ದೆ. ಬಾಗಿಲು ಎರಡಿದ್ದರೆ ನಡುರಾತ್ರಿ ಒಬ್ಬರು ಇನ್ನೊಬ್ಬರನ್ನು ದಾಟಬೇಕಿಲ್ಲ, ಗಾಳಿಯೂ ಅಡ್ಡಕ್ಕೆ ಆಡುತ್ತದೆ. ಅದಕ್ಕೆ ಹೆಚ್ಚಾಗುವ ನೂರಿನ್ನೂರು ಗ್ರಾಂ ನನ್ನ ಮಟ್ಟಿಗೆ ಸಾರ್ಥಕ.

ಗಾಳಿಯಾಡುವುದು ಕರಾವಳಿಯಲ್ಲಿ ಮಳೆಯಷ್ಟೇ ದೊಡ್ಡ ವಿಷಯ. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರು ಮತ್ತು ಚರ್ಮದಿಂದ ಅರ್ಧ ಲೀಟರಿನಷ್ಟು ನೀರು ಆವಿಯಾಗುತ್ತದೆ. ಹೊರಗಿನ ಗಾಳಿಯಲ್ಲೇ ತೇವ ತುಂಬಿರುವಾಗ ಅದು ಹೋಗುವುದೆಲ್ಲಿಗೆ? ತಣ್ಣಗಾದ ಹೊದಿಕೆಯ ಒಳಬದಿಗೆ ಹನಿಯಾಗಿ ಕೂರುತ್ತದೆ. ಬೆಳಿಗ್ಗೆ ಟೆಂಟು ಸೋರಿತು ಎಂದು ದೂರುವವರಲ್ಲಿ ಅರ್ಧಕ್ಕರ್ಧ ಜನರದ್ದು ಈ ಹನಿಯೇ. ಒಂದೇ ಪದರದ ಟೆಂಟಿನಲ್ಲಿ ಅದು ನೇರ ನಿಮ್ಮ ಮೇಲೆ. ಹಾಗಾಗಿ ಎರಡು ಪದರದ್ದೇ ಇರಲಿ, ನಡುವೆ ಒಂದು ಗೇಣು ಅಂತರವಿರಲಿ. ಹೊದಿಕೆಯ ಕೆಳ ಅಂಚು ನೆಲದಿಂದ 8–10 ಸೆಂ.ಮೀ. ಮೇಲಿರಲಿ, ನೆತ್ತಿಯ ಗಾಳಿಕಿಂಡಿ ತೆರೆದಿರಲಿ. ಬಯಲಲ್ಲಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಹೊದಿಕೆ ಬೇಗ ತಣಿಯುತ್ತದೆ, ಮರದಡಿ ಅಷ್ಟಾಗಿ ತಣಿಯದು. ಕಡಲ ಬದಿಯ ಗಾಳಿಮರದ ತೋಪು ಇದಕ್ಕೆ ಒಳ್ಳೆಯ ಜಾಗ. ತೆಂಗಿನ ಮರದಡಿ ಮಾತ್ರ ಯಾವ ಕಾರಣಕ್ಕೂ ಬೇಡ; ಕಾಯಿ ಬೀಳುವುದು ಹಾಗಿರಲಿ, ಒಣಗಿದ ಒಂದು ಮಡಲು ಬಿದ್ದರೂ ಕೋಲು ಮುರಿಯುತ್ತದೆ. ಒಳಟೆಂಟು ಬಲೆಯದ್ದೋ ಬಟ್ಟೆಯದ್ದೋ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬಲೆ. ಹಿಮಾಲಯಕ್ಕೋ ಬ್ರಿಟನ್ನಿನ ಅಕ್ಟೋಬರ್ ಓಟಕ್ಕೋ ಹೋಗುವವರಿಗೆ ಬಟ್ಟೆಯದ್ದು.

ಗೂಟದ ಬಗ್ಗೆ ಕಂಪನಿಗಳಿಗೆ ಉದಾಸೀನ. ತೂಕ ಕಡಿಮೆ ತೋರಿಸಲು ಕಡ್ಡಿಯಂಥ 6 ಗ್ರಾಂ ಟೈಟಾನಿಯಂ ಗೂಟ ಕೊಡುತ್ತಾರೆ. ಹುಲ್ಲುಗಾವಲಿಗೆ ಸರಿ, ನಮ್ಮ ಮುರಕಲ್ಲಿನ ನೆಲಕ್ಕೆ ಬಾಗಿ ಬರುತ್ತವೆ. ಮೂರು ಅಂಚಿನ, 19–20 ಸೆಂ.ಮೀ. ಉದ್ದದ, ತಲಾ 13–15 ಗ್ರಾಮಿನ ಅಲ್ಯೂಮಿನಿಯಂ ಗೂಟ ಆರು, ಉಳಿದ ಕಡೆಗೆ ಸಣ್ಣವು ಎಂದು ಬೆರೆಸಿಕೊಳ್ಳಿ. ಬೇಸಗೆಯ ಮುರಕಲ್ಲಿಗೆ ಅದೂ ಇಳಿಯದಿದ್ದರೆ ಹಗ್ಗವನ್ನು ಕಲ್ಲಿಗೆ ಸುತ್ತಿ, ಅದರ ಮೇಲೆ ಇನ್ನೊಂದು ಭಾರದ ಕಲ್ಲು ಹೇರುವುದೇ ದಾರಿ. ಮರಳಿನಲ್ಲಿ ಇಂಥ ಯಾವ ಗೂಟವೂ ನಿಲ್ಲುವುದಿಲ್ಲ. ಅಂಗಡಿಯ ಸಣ್ಣ ಬಟ್ಟೆ ಚೀಲಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಒಂದಡಿ ಆಳದಲ್ಲಿ ಹೂತು ಮೇಲಿನಿಂದ ತುಳಿಯಿರಿ. ಗಾಳಿಗೆ ಎದುರಿರುವ ಎರಡು ಮೂಲೆಗೆ ಮೊದಲು. ಇದೆಲ್ಲ ಇಲ್ಲಿ ಹೇಳಲು ಕಾರಣ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಬಿಡುವುದಿಲ್ಲ. ಬೇರೆ ಕಾಡಿಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಹಾಗಾಗಿ ನಮ್ಮವರ ಟೆಂಟು ಏಳುವುದು ಹೋಂಸ್ಟೇ ಅಂಗಳದಲ್ಲಿ, ಅಡಿಕೆ ತೋಟದ ಬದಿಯಲ್ಲಿ, ಕಡಲ ಬದಿಯಲ್ಲಿ. ಒಂದೊಂದರ ಮಣ್ಣೂ ಒಂದೊಂದು ಥರ.

ಕೋಲು ಅಲ್ಯೂಮಿನಿಯಂನದ್ದೇ ಆಗಿರಲಿ. ಅಗ್ಗದ ಡೋಮ್ ಟೆಂಟುಗಳ ಫೈಬರ್‌ಗ್ಲಾಸ್ ಕೋಲು ಭಾರ, ಸೀಳಿದರೆ ಸಿಬಿರು ಕೈಗೆ ಚುಚ್ಚುತ್ತದೆ. ಅಲ್ಯೂಮಿನಿಯಂ ಬಾಗಿದರೆ ಅಥವಾ ಮುರಿದರೆ ಸಾಮಾನಿನ ಜೊತೆ ಬಂದ ಸಣ್ಣ ಕೊಳವೆಯನ್ನು ಮುರಿದ ಜಾಗಕ್ಕೆ ಏರಿಸಿ ಎರಡೂ ತುದಿಗೆ ಟೇಪು ಸುತ್ತಿದರೆ ರಾತ್ರಿ ಕಳೆಯುತ್ತದೆ. ಆ ಕೊಳವೆಯನ್ನು ತೂಕ ಉಳಿಸಲು ಮನೆಯಲ್ಲಿ ಬಿಡಬೇಡಿ. ಕೋಲು ಮಡಚುವಾಗ ನಡುವಿನ ಕೀಲಿನಿಂದ ಶುರುಮಾಡಿ ಎರಡೂ ತುದಿಯತ್ತ ಹೋಗಬೇಕು, ಆಗ ಒಳಗಿನ ರಬ್ಬರು ಹಗ್ಗಕ್ಕೆ ಎಳೆತ ಎರಡೂ ಕಡೆ ಸಮ. ಕಡಲ ಬದಿಯಿಂದ ಬಂದ ಮೇಲೆ ಕೀಲುಗಳನ್ನು ಸಿಹಿನೀರಲ್ಲಿ ತೊಳೆದು ಒರೆಸದಿದ್ದರೆ ಉಪ್ಪು ತಿಂದು ಬಿಳಿ ಹುಡಿ ಏಳುತ್ತದೆ, ಕೋಲು ಒಂದರೊಳಗೊಂದು ಸಿಕ್ಕಿಬೀಳುತ್ತದೆ. ಜಿಪ್ಪಿಗೂ ಅದೇ ಉಪಚಾರ. ಮರಳು ಕೂತು ಸವೆದ ಜಿಪ್ಪು ಎಳೆದರೂ ಹಲ್ಲು ಕಚ್ಚದಿದ್ದರೆ, ಎಳೆಯುವ ಲೋಹದ ತುಂಡಿನ ಹಿಂಬದಿಯ ಎರಡು ಅಂಚನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಒತ್ತಿ ನೋಡಿ. ಹೆಚ್ಚು ಒತ್ತಿದರೆ ಒಡೆಯುತ್ತದೆ.

ತಳದ ಕೆಳಗೆ ಹಾಸಲು ಕಂಪನಿಯ ಹಾಸು ಬೇಕೇ ಬೇಕೆಂದಿಲ್ಲ. ಚದರ ಮೀಟರಿಗೆ 90 ಗ್ರಾಂ ತೂಗುವ ಟರ್ಪಾಲನ್ನು 200 × 115 ಸೆಂ.ಮೀ.ಗೆ ಕತ್ತರಿಸಿದರೆ ಸುಮಾರು 205 ಗ್ರಾಂ. ಟೆಂಟಿನ ತಳಕ್ಕಿಂತ ಸುತ್ತಲೂ 5 ಸೆಂ.ಮೀ. ಚಿಕ್ಕದಾಗಿರಬೇಕು, ಹೊರಗೆ ಇಣುಕಿದರೆ ಹೊದಿಕೆಯಿಂದ ಇಳಿದ ಮಳೆನೀರನ್ನು ಅದೇ ಹಿಡಿದು ತಳದಡಿಗೆ ತರುತ್ತದೆ. ಓಟಕ್ಕೆ ಇದನ್ನೂ ಬಿಟ್ಟುಹೋಗಿ.

ಮನೆಗೆ ತಂದ ಮೇಲೆ ಅದೇ ದಿನ ಬಿಚ್ಚಬೇಕು. ಮಳೆಗಾಲದಲ್ಲಿ ಹೊರಗೆ ಒಣಗುವುದಿಲ್ಲ, ಒಳಗೆ ಹಗ್ಗಕ್ಕೆ ನೇತುಹಾಕಿ ಫ್ಯಾನು ಹಾಕಿ. ಒಂದು ಬದಿ ಒಣಗಿದ ಮೇಲೆ ತಿರುಗಿಸಿ. ಹೊಲಿಗೆಯ ಮಡಿಕೆ, ಬಿಗಿ ಹಗ್ಗ, ತಳದ ಮೂಲೆ ಕೊನೆಗೆ ಒಣಗುವ ಜಾಗಗಳು, ಬೂಷ್ಟು ಶುರುವಾಗುವುದೂ ಅಲ್ಲಿಂದಲೇ. ವಾಷಿಂಗ್ ಮೆಷಿನ್, ಬಟ್ಟೆಯ ಸೋಪಿನ ಹುಡಿ, ಇಸ್ತ್ರಿ ಯಾವುದೂ ಬೇಡ. ಅದರದ್ದೇ ಬಿಗಿ ಚೀಲಕ್ಕೆ ತುಂಬದೆ ಹಳೆಯ ತಲೆದಿಂಬಿನ ಕವರಿಗೆ ಸಡಿಲವಾಗಿ ಹಾಕಿ, ಗೋಡೆಗೆ ತಾಗದ ಮೇಲಿನ ಅಟ್ಟೆಯಲ್ಲಿಡಿ. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ತೆಗೆದು ಕೊಡವಿ, ಹೊಲಿಗೆಯ ಟೇಪನ್ನು ಉಗುರಿನಿಂದ ಮುಟ್ಟಿ ನೋಡಿ. ಏಳುತ್ತಿದ್ದರೆ ಸಡಿಲವಾದಷ್ಟನ್ನೇ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಆ ಜಾಗ ಒರೆಸಿ, ಪಿಯು ಸೀಮ್ ಸೀಲರ್ (ಹೊಲಿಗೆ ಮುಚ್ಚುವ ಅಂಟು) ಹಚ್ಚಬೇಕು. ಇಲ್ಲಿ ಸಿಲಿಕೋನ್ ಬಳಸಿದರೆ ಸಿಪ್ಪೆಯಂತೆ ಕಿತ್ತು ಬರುತ್ತದೆ. ಸಿಲಿಕೋನ್ ಬಟ್ಟೆಗೆ ಸಿಲಿಕೋನ್, ಪಿಯುವಿಗೆ ಪಿಯು.